ಅಂಚಿನ ಊರು

ರಾಯಚೂರಿನಿಂದ ವಾಡಿ ಕಡೆಗೆ ಹೊರಟ ರೈಲು ಕೃಷ್ಣಾ ನದಿಯ ಸೇತುವೆ ದಾಟಿದ ಮೇಲೆ ಸಿಗುವ ನಿಲ್ದಾಣದ ಹೆಸರೂ ಕೃಷ್ಣಾ. ಅಷ್ಟು ದೊಡ್ಡ ಹೊಳೆ ಇಷ್ಟು ಸಣ್ಣ ಊರಿಗೆ ತನ್ನ ಹೆಸರನ್ನು ಇಡಿಯಾಗಿ ಕೊಟ್ಟದ್ದಕ್ಕೆ ಊರವರಿಗೆ ಒಳಗೊಳಗೇ ಜಂಬ. ದೂರದ ರೈಲುಗಳು ಬಹಳಷ್ಟು ಇಲ್ಲಿ ನಿಲ್ಲುವುದಿಲ್ಲ. ಆದರೂ ಬೆಂಚಿನ ಮೇಲಿನ ಹಿರಿಯರು ಪ್ರತಿಯೊಂದಕ್ಕೂ ತಲೆಯೆತ್ತಿ, ‘ಇವತ್ತು ಲೇಟು’ ಎಂದು ತೀರ್ಪು ಕೊಡುತ್ತಾರೆ. ಹತ್ತುವವರು ಅವರಲ್ಲಿ ಒಬ್ಬರೂ ಇಲ್ಲ.

ನನ್ನ ಸೋದರತ್ತೆಯನ್ನು ಕೊಟ್ಟದ್ದು ಈ ಊರಿಗೆ. ಸಂತೆಯಲ್ಲಿ ಅವಳದು ತೆಲುಗು, ಬಳೆಗಾರ ಸಾಹೇಬರೊಡನೆ ಉರ್ದು. ಬೈಗುಳವನ್ನು ಮಾತ್ರ ಕನ್ನಡ ಬಿಟ್ಟು ಬೇರೆ ಭಾಷೆಗೆ ಕೊಟ್ಟವಳಲ್ಲ. ರೈಲಿನಿಂದ ಭಕ್ತರು ಎಸೆದ ನಾಣ್ಯ ಸೇತುವೆಯ ಕಬ್ಬಿಣಕ್ಕೆ ಬಡಿದು, ಠಣ್ಣೆಂದು ಹೊಳೆಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ನೀರಿಳಿದಾಗ ನಾವು ಹುಡುಗರು ದಾರಕ್ಕೆ ಅಯಸ್ಕಾಂತ ಕಟ್ಟಿ ಬಂಡೆಗಳ ಸಂದಿಯಲ್ಲಿ ಇಳಿಬಿಡುತ್ತಿದ್ದೆವು. ‘ಗಂಗಮ್ಮನ ರೊಕ್ಕ ಮುಟ್ಟಬ್ಯಾಡ್ರೋ’ ಎಂದು ಅತ್ತೆ ಗದರುತ್ತಿದ್ದಳು. ಆ ರೊಕ್ಕದಿಂದ ತಂದ ಮಂಡಾಳು ಒಗ್ಗರಣೆ, ಮಿರ್ಚಿಗೆ ಮೊದಲು ಚಾಚುತ್ತಿದ್ದ ಕೈಯೂ ಅವಳದೇ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಮೈಸೂರಿಗೆ ಬಂತು. ಅಲ್ಲಿಯವರೆಗೆ ಅದೇ ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಹೋದವು. ಮಖ್ತಲ್ ಸೀಮೆಯ ಈ ಊರೂ ಅತ್ತಲೇ ಉಳಿಯಿತು. 2014ರಲ್ಲಿ ತೆಲಂಗಾಣ ಬಂತು. ಅತ್ತೆ ಮನೆಯ ಕಟ್ಟೆ ಬಿಟ್ಟು ಕದಲದಿದ್ದರೂ ಅವಳ ವಿಳಾಸ ಮಾತ್ರ ಊರೂರು ಅಲೆಯಿತು. ಯಾರೋ ಈ ಮಾತು ತೆಗೆದಾಗ ಅವಳು ಟ್ರಂಕಿನಿಂದ ತನ್ನ ಗದ್ವಾಲ ಸೀರೆ ತೆಗೆದು ಮಡಿಲಲ್ಲಿ ಹರವಿದಳು. ಮೈ ಹತ್ತಿ, ಅಂಚು ರೇಷ್ಮೆ. ಎರಡರ ಎಳೆಗಳನ್ನೂ ನೇಕಾರ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದ್ದ. ಆ ಕೂಡುಗೆರೆಯ ಮೇಲೆ ಬೆರಳಾಡಿಸುತ್ತ, ‘ಅಂಚು ಬ್ಯಾರೆ, ಮೈ ಬ್ಯಾರೆ. ಉಡಾಕಿಗೆ ಅದೇನ್ ಚಿಂತಿ?’ ಎಂದಳು.

2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಯಾಗುವ ಹೊತ್ತಿಗೆ ಅವಳಿರಲಿಲ್ಲ. ಇನ್ನೊಂದು ವಿಳಾಸ ಅವಳಿಗೆ ತಪ್ಪಿತು. 2023ರ ಅಕ್ಟೋಬರಿನಲ್ಲಿ ಹೊಸ ಮಾರ್ಗ ತೆರೆದು ಕಾಚಿಗುಡದ ರೈಲೂ ಮಖ್ತಲ್ ಹಾಯ್ದು ಇಲ್ಲಿಗೆ ಬಂತು. ಬೆಂಚಿನ ಹಿರಿಯರಿಗೆ ತೀರ್ಪು ಕೊಡಲು ಇನ್ನೊಂದು ಮೊಕದ್ದಮೆ. ಆದರೆ ಫೋನಿನಲ್ಲೇ ದುಡ್ಡು ಕೊಡುವ ಪ್ರಯಾಣಿಕರ ಜೇಬಿನಲ್ಲಿ ಈಗ ಚಿಲ್ಲರೆಯೇ ಇರುವುದಿಲ್ಲ. ಗಂಗಮ್ಮನ ವರಮಾನ ಇಳಿದಿರಬೇಕು.

ಕೃಷ್ಣಾ, ಗುಡೇಬಲ್ಲೂರುಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ಹೊಳೆಯ ಈಚೆ ದಡದಲ್ಲಿರುವ ನಾವು ರಾಜ್ಯೋತ್ಸವದ ದಿನ ಅವರನ್ನು ನೆನೆದು ಭಾಷಣ ಮಾಡಿ, ಮರುದಿನ ಮರೆಯುತ್ತೇವೆ. ಭಾಷಣ ಹಾಗಿರಲಿ. ನಿಮ್ಮ ಮಕ್ಕಳು ಓದಿ ಮುಗಿಸಿದ ಕನ್ನಡ ಕಥೆಪುಸ್ತಕಗಳಿದ್ದರೆ, ಒಂದು ಕಟ್ಟು ಆ ಶಾಲೆಗಳಿಗೆ ಕಳಿಸಿಕೊಡಿ.