ಗೇಟಿನ ಬಣ್ಣ ಇಂಜಿನ್ನಿಗೆ ಹಚ್ಚಿದ ಕಥಿ

ಮೊನ್ನೆ ಸಂಕ್ರಮಣದ ಎಳ್ಳು ಬೆಲ್ಲಾ ಕೊಡಲಿಕ್ಕೆ ಹೋದಾಗ ಕೆಳಗಿನ ಓಣಿ ವೈನಿ ಕೇಳಿದ್ರು, "ಏನವಾ, ನಾಕು ದಿನಾ ಅಂಗಳದಾಗ ಕೈಯೆಲ್ಲಾ ಕರ್ರಗ ಮಾಡ್ಕೊಂಡು ಕೂತಿದ್ಯೆಲ್ಲಾ, ಬಾಂಡೆ ವ್ಯಾಪಾರ ಏನರ ಸುರು ಮಾಡೀಯೇನು?" ಅಂತ. ಅವತ್ತ ನಕ್ಕು ಸುಮ್ಮನಾದೆ. ಇವತ್ತ ಹೇಳ್ತೇನಿ. ನಾ ಕಾರಿನ ಇಂಜಿನ್ನಿಗೆ ಬಣ್ಣ ಹಚ್ಚಲಿಕತ್ತಿದ್ದೆ.

ನಮ್ಮ ಕಾರು ನಿಮಗೆಲ್ಲಾ ಗೊತ್ತೇ ಅದ. ಬಿಳೇ ಪ್ರೀಮಿಯರ್ ಪದ್ಮಿನಿ, 1991ರದ್ದು. ಮುಂಬೈಯ ಕುರ್ಲಾದಾಗ ತಯಾರಾಗ್ತಿದ್ದ ಗಾಡಿ, 1089 ಸಿಸಿ ಇಂಜಿನ್, ಗೇರು ಸ್ಟೇರಿಂಗಿನ ಮಗ್ಗಲಕ್ಕ. ನಾವು ಅದನ್ನ ತೊಗೊಂಡದ್ದು ಸೆಕೆಂಡ್ ಹ್ಯಾಂಡ್, 1996ರಾಗ. ನಿಮ್ಮಾಗ ಎಷ್ಟೋ ಮಂದಿ ಇದೇ ಗಾಡ್ಯಾಗ ಕೂತು ಹೆರಿಗೆಗೆ ಹೋಗೀರಿ, ಕೂಸಿನ್ನ ಎತ್ಕೊಂಡು ಇದೇ ಗಾಡ್ಯಾಗ ಮನಿಗೆ ಬಂದೀರಿ. ನಮ್ಮನಿಯವ್ರು ಹೈಸ್ಕೂಲಿನ ವಿಜ್ಞಾನದ ಮಾಸ್ತರು. ರವಿವಾರ ಬಂತಂದ್ರ ಬಾನೆಟ್ ತಗದು ನಿಂತುಬಿಡ್ತಿದ್ರು. ನಾ ಊಟಕ್ಕ ಕರದು ಕರದು ಸಾಕಾಗ್ತಿತ್ತು.

ಎರಡು ವರ್ಷದ ಹಿಂದ ಅವರಿಗೆ ಲಕ್ವಾ ಹೊಡೀತು. ದೇವರ ದಯಾ, ಮಾತು ಹೋಗಲಿಲ್ಲ. ಆದ್ರ ಬಲಗೈಯಾಗ ಹಿಡಿತ ಉಳೀಲಿಲ್ಲ. ಮಾತು ಹೋಗಲಿಲ್ಲ ಅಂತ ಡಾಕ್ಟರು ಅಂದ್ರು, ಖರೆ ಮಾತಾಡೂದ ಅವರ ಬಿಟ್ಟುಬಿಟ್ರು. "ಚಹಾ?" ಅಂದ್ರ "ಹೂಂ". "ನಿದ್ದಿ ಬಂತೇನು?" ಅಂದ್ರ "ಹೂಂ". ಪಡಸಾಲಿ ಕುರ್ಚಿ ಮ್ಯಾಲೆ ಕೂತು ಕಿಡಕ್ಯಾಗಿಂದ ಆ ಗಾಡಿ ನೋಡ್ತಿದ್ರು. ಗಾಡಿ ಮ್ಯಾಲೆ ಗಿಡದ ಎಲಿ ಬಿದ್ದು ಬಿದ್ದು ಗುಂಪಿ ಆಗಿತ್ತು.

ಪುಣೆದಾಗಿನ ಮಗ ಫೋನ್ ಮಾಡಿ, "ಅವ್ವಾ, ಬರೂ ಮೇ ತಿಂಗಳಿಗೆ ರಿಜಿಸ್ಟ್ರೇಶನ್ ಮುಗೀತದ, ಮತ್ತ ಐದು ವರ್ಷಕ್ಕ ರಿನಿವಲ್ ಮಾಡಿಸ್ಬೇಕು. ಯಾರು ಓಡಸ್ತೀರಿ? ಗುಜರಿಗೆ ಕೊಟ್ಟುಬಿಡೋಣು" ಅಂದ. ನಾ ಅವರನ್ನ ಒಂದು ಮಾತು ಕೇಳಲಿಲ್ಲ, "ಆತು, ಕೊಟ್ಟುಬಿಡು" ಅಂದೆ. ನಿಮ್ಮ ಮುಂದ ಯಾಕ ಮುಚ್ಚಿಡ್ಲಿ, ನಂಗೂ ಸಾಕಾಗಿತ್ತು. ಅಂಗಳ ಝಾಡಿಸುವಾಗ ಪ್ರತಿ ದಿನಾ ಅದರ ಸುತ್ತಲೆ ಬಗ್ಗೂದು.

ಗುಜರಿಯವ ಬಂದು ನೋಡಿ ಹೋದ. ಅವ ಹೋದಮ್ಯಾಲೆ ಇವರು ಏನೂ ಕೇಳಲಿಲ್ಲ. ಆದ್ರ ಅವತ್ತ ರಾತ್ರಿ ಊಟಾನೂ ಮಾಡಲಿಲ್ಲ. ನಂಗ ಹೊಟ್ಟ್ಯಾಗ ಹೆಂಗೋ ಆತು. ಮುಂಜಾನೆ ಎದ್ದು ಹೇಳಿಬಿಟ್ಟೆ, "ನಾನ ಅವನ್ನ ಕರಿಸಿದ್ದು. ತಪ್ಪಾತು." ಅವರು ಬಹಳ ಹೊತ್ತು ಸುಮ್ಮ ಕೂತು, ಆಮ್ಯಾಲೆ ಅಂದ್ರು, "ಮಾರೂದು ಬ್ಯಾಡ ಅಂತ ನಾ ಎಲ್ಲೆ ಅಂದೆ? ಓಡಸೂ ಮಂದಿಗೆ ಕೊಡ್ರಿ, ಒಡಿಯೂ ಮಂದಿಗೆ ಬ್ಯಾಡ. ಮತ್ತ ಹಿಂಗ ಹೊಲಸಾಗಿ ಕೊಡಬ್ಯಾಡ್ರಿ." ಎರಡು ವರ್ಷದಾಗ ಅವರು ಒಮ್ಮೆಲೆ ಅಷ್ಟು ಮಾತು ಆಡಿದ್ದ ಅವತ್ತ.

ಮಾತು ಕೇಳಿ ನಂಗ ಹುರುಪು ಬಂತು. ಮಧ್ಯಾಹ್ನ ಅವರು ಮಲಗಿದಾಗ ಬಾನೆಟ್ ತಗದೆ. ಒಳಗ ಎಲ್ಲಾ ಜಂಗು, ಎಣ್ಣಿ ಜಿಡ್ಡು. ದೀಪಾವಳಿಗೆ ಗೇಟಿಗೆ ಹಚ್ಚಿ ಉಳದ ಸಿಲ್ವರ್ ಪೇಂಟ್ ಅರ್ಧಾ ಡಬ್ಬಿ ಇತ್ತು. ಅರಿವಿಲೆ ಧೂಳಾ ವರಸಿದೆ, ಬ್ರಶ್ಶಿಲೆ ಎಲ್ಲಾಕ್ಕಿಂತ ಹೆಚ್ಚು ಜಂಗು ಹಿಡದ ಕೊಳವಿಗೆ ಬಳದುಬಿಟ್ಟೆ. ಥಳಥಳ ಹೊಳೀತು ನೋಡ್ರಿ! ಮರುದಿನ ಅವರನ್ನ ಕೈ ಹಿಡದು ಕರಕೊಂಡು ಬಂದು ಕಟ್ಟಿ ಮ್ಯಾಲೆ ಕೂಡಿಸಿ, ಚೋಕ್ ಎಳದು, ಚಾವಿ ತಿರುವಿದೆ. ಮೂರನೇ ಸಲಕ್ಕ ಇಂಜಿನ್ ಸುರು ಆತು. ಹತ್ತು ನಿಮಿಷಕ್ಕ ಬಾನೆಟ್ಟಿನ ಒಳಗಿಂದ ಗವ್ವಂತ ಹೊಗಿ, ಒಗ್ಗರಣಿ ಹೊತ್ತಿದಂಗ ಘಾಟು. "ಬಂದ್ ಮಾಡು! ಬಂದ್ ಮಾಡ ಅದನ್ನ!" ಅಂತ ಇವರು ಒದರಿದ್ರು. ಮಗ್ಗಲ ಮನಿ ಮಂದಿ ಎಲ್ಲಾ ಹೊರಗ ಬಂದ್ರು. ಆರಿದ ಮ್ಯಾಲೆ ನೋಡಿದ್ರ ನನ್ನ ಬೆಳ್ಳಿ ಬಣ್ಣ ಗುಳ್ಳಿ ಗುಳ್ಳಿ ಎದ್ದು, ಹುರದ ಶೇಂಗಾದ ಸಿಪ್ಪಿ ಬಿಚ್ಚಿದಂಗ ಉದರ್ಲಿಕತ್ತಿತ್ತು.

ನಾ ಅಳೂ ಹಂಗ ನಿಂತಿದ್ದೆ. ಇವರು ನಕ್ಕುಬಿಟ್ರು. "ಏ ಹುಚ್ಚಿ, ಬಾ ಇಲ್ಲೆ ಕೂಡು" ಅಂತ ಹೇಳಿ, ಕ್ಲಾಸಿನ್ಯಾಗ ಪಾಠಾ ಹೇಳಿದಂಗ ಹೇಳಿದ್ರು.

ನಾ ಬಣ್ಣ ಬಳದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ. ನಾಕು ಸಿಲಿಂಡರಿನಿಂದ ಸುಟ್ಟ ಗಾಳಿ ಹೊರಗ ಬರೂ ಬೀಡಿನ ಕೊಳವಿ ಅದು. ನಾವು ಪೂರಿ ಕರಿಯೂ ಎಣ್ಣಿ 180 ಡಿಗ್ರಿ ಸುಮಾರು ಇರತದ. ಗಾಡಿ ಜೋರು ಓಡಿದಾಗ ಆ ಕೊಳವಿ 500 ಡಿಗ್ರಿ ಮುಟ್ಟಬಹುದು. ಗೇಟಿನ ಸಿಲ್ವರ್ ಪೇಂಟಿನೊಳಗ ಅಲ್ಯುಮಿನಿಯಂ ಪುಡಿ ಇರತದ, ಅದಕ್ಕ ಏನೂ ಆಗಂಗಿಲ್ಲ, ಅದು ಕರಗೂದು 660 ಡಿಗ್ರಿಗೆ. ಸುಡೂದು ಏನಂದ್ರ ಆ ಪುಡಿ ಹಿಡಕೊಂಡಿರೂ ಅಂಟು. ಶಾಖ ತಾಳೂ ಬಣ್ಣಾನ ಬ್ಯಾರೆ ಸಿಗತದ. ಅದರಾಗ ಅಂಟು ಸಿಲಿಕೋನಿಂದು. ಬಿಸಿ ಆಗಿ ಆಗಿ ಅದರಾಗಿನ ಸುಡೂ ಅಂಶ ಹೋಗಿ, ಉಸುಕಿನ ಜಾತಿಯ ಸಿಲಿಕಾ ಉಳದು ಕಬ್ಬಿಣಕ್ಕ ಗಟ್ಟಿ ಹಿಡಕೋತದ. "ಎಲ್ಲಾ ಕಡೆ ಒಂದ ಬಣ್ಣ ನಡಿಯಂಗಿಲ್ಲ. ಟ್ಯಾಪೆಟ್ ಕವರ್ ಕುದಿಯೂ ನೀರಿನಷ್ಟ ಬಿಸಿ, ಅದಕ್ಕ ಇಂಜಿನ್ ಪೇಂಟ್ ಸಾಕು. ಬ್ಯಾಟರಿ ಟ್ರೇ ಅಷ್ಟೂ ಬಿಸಿ ಆಗಂಗಿಲ್ಲ. ಮ್ಯಾನಿಫೋಲ್ಡಿಗೆ ಮಾತ್ರ 600 ಡಿಗ್ರಿ ತಾಳೂದ ಬೇಕು" ಅಂದ್ರು.

ನನ್ನ ಕೈ, ಅವರ ಬುದ್ಧಿ. ಹಂಗ ಸುರು ಆತು ನಮ್ಮ ಕೆಲಸಾ. ಹುಬ್ಬಳ್ಳಿಯಿಂದ ಸ್ಪ್ರೇ ಡಬ್ಬಿ ತರಿಸಿದ್ವಿ. ಗ್ಯಾರೇಜ್ ಮಿಸ್ತ್ರಿ ಮನಿಗೇ ಬಂದು, ಜಂಗು ಹಿಡದ ನಟ್ಟಿಗೆಲ್ಲಾ ಹಿಂದಿನ ರಾತ್ರಿನ ಎಣ್ಣಿ ಬಿಟ್ಟು, ಮುಂಜಾನೆ ಮ್ಯಾನಿಫೋಲ್ಡ್ ಬಿಚ್ಚಿ ಕೊಟ್ಟ. ಅದಕ್ಕೂ ಮೊದಲ ಬ್ಯಾಟರಿ ತಗದ. ಮೈನಸ್ ವಾಯರ್ ಮೊದಲು, ಪ್ಲಸ್ ಆಮ್ಯಾಲೆ.

ಇವರು ಮೊದಲು ಹೇಳಿದ್ದು ಬಣ್ಣ ಅಲ್ಲ. "ಬಾರಿಸಿ ನೋಡು" ಅಂದ್ರು. ಸಂತ್ಯಾಗ ನಾವು ಗಡಗಿ ತೊಗೊಳ್ಳುವಾಗ ಬಟ್ಟಿಲೆ ಬಾರಸಂಗಿಲ್ಲೇನು? ಹಂಗ. ಸಣ್ಣ ಹಾತೋಡಿಲೆ ಬಾರಿಸಿದೆ, ಠಣ್ ಅಂತ ಗಂಟಿ ಹಂಗ ಅಂತು. ಸೀಳಿದ್ರ ಡಬ್ ಅಂತದಂತ. ಮಿಸ್ತ್ರಿನೂ ತಿರುವಿ ತಿರುವಿ ನೋಡಿ, ಬಿರುಕಿಲ್ಲ ಅಂದ. "ಬಿರುಕು ಇದ್ರ ಬಣ್ಣ ಹಚ್ಚಿ ಮುಚ್ಚೂದಲ್ಲ, ತೊಗೊಳ್ಳಾವಗ ಹೇಳೂದು" ಅಂದ್ರು ಇವರು.

ಆಮ್ಯಾಲೆ ತಿಕ್ಕೂದು. ಅಕ್ಕಗೋಳ್ರಾ, ಮೂರು ದಿನಾ ಬರೇ ತಿಕ್ಕಿದೆ. ಬಣ್ಣ ಹೊಡದದ್ದು ಅರ್ಧಾ ತಾಸು! ಜಿಡ್ಡಿಗೆ ಸೀಮೆಎಣ್ಣಿ, ಜಂಗಿಗೆ ತಂತಿ ಬ್ರಶ್ಶು, ಆಮ್ಯಾಲೆ ಸಾಬೂನಿನ ನೀರು, ಯಾಕಂದ್ರ ಸೀಮೆಎಣ್ಣಿನೂ ಜಿಡ್ಡು ಬಿಡತದ. ಬಿಸಿಲಿಗೆ ಒಣಗಿಸಿ, ಕಡೀಕ ಥಿನ್ನರಿನ ಅರಿವಿಲೆ ವರಸೂದು. ಬ್ಯಾಟರಿ ಟ್ರೇ ಮ್ಯಾಲೆ ಬೆಳ್ಳಗ ಆಸಿಡ್ ಕಟ್ಟಿತ್ತು, ಅದಕ್ಕ ಅಡಗಿ ಸೋಡಾ ನೀರಾಗ ಕಲಿಸಿ ಸುರುವಿದೆ. ಬುಸ್ಸಂತ ನೊರಿ ಬಂದು ನಿಂತಮ್ಯಾಲೆ ತೊಳದೆ. ಇದು ನಮಗ ಗೊತ್ತಿದ್ದ ವಿದ್ಯಾನ. ಆದ್ರ ವಾಷಿಂಗ್ ಸೋಡಾ ಮಾತ್ರ ಅಲ್ಯುಮಿನಿಯಂ ಪಾರ್ಟಿಗೆ ತಾಗಸಬ್ಯಾಡ್ರಿ, ನಮ್ಮ ಅಲ್ಯುಮಿನಿಯಂ ಪಾತೇಲಿ ಹೆಂಗ ಕರ್ರಗ ಆಗತದ ಹಂಗ ಆಗತದ.

ತೊಳದ ಮ್ಯಾಲೆ ಬರೇ ಕೈಲೆ ಮುಟ್ಟಬಾರದು. ನಮ್ಮ ಬೆರಳಿನ ಜಿಡ್ಡು ಹತ್ತಿದಲ್ಲೆ ಬಣ್ಣ ಎದ್ದು ಬರತದ. ಇವರು ಕಟ್ಟಿ ಮ್ಯಾಲೆ ಕೂತು ಕಾಯ್ತಿದ್ರು, "ಏ, ಮುಟ್ಟಿದಿ ನೋಡು, ಮತ್ತ ವರಸು!" ನಮ್ಮ ಅತ್ತಿಯವರು ಮಡಿ ಕಾಯ್ತಿದ್ದ ಹಂಗ. ಗೇಟಿಗೆ ಹಚ್ಚೂ ಕೆಂಪು ಪ್ರೈಮರ್ ಇದರ ಕೆಳಗ ಹಚ್ಚಬಾರದು, ಅದ ಸುಟ್ಟು ಮ್ಯಾಲಿಂದನ್ನೂ ಎಬ್ಬಸತದ. ಇಂಜಿನ್ನಿಗೆ ಕೂಡೂ ಮುಖಕ್ಕ ಟೇಪ್ ಹಚ್ಚಿ ಮುಚ್ಚಬೇಕು. ಗಾಡಿಯೊಳಗ ರಬ್ಬರ್ ಪೈಪು, ಬೆಲ್ಟು, ವಾಯರು, ಸ್ಪಾರ್ಕ್ ಪ್ಲಗ್, ಕಾರ್ಬೊರೇಟರ್, ಇವ್ಯಾವಕ್ಕೂ ಬಣ್ಣ ಸಿಡೀಬಾರದು.

ಬಣ್ಣ ಹೊಡಿಯೂದು ತೆರದ ಅಂಗಳದಾಗ, ಮೂಗು ಬಾಯಿಗೆ ಮಾಸ್ಕ್ ಕಟ್ಕೊಂಡು. ಹತ್ರ ಒಲಿ, ದೀಪಾ, ಊದಿನಕಡ್ಡಿ ಏನೂ ಇರಬಾರದು. ಡಬ್ಬಿ ಎರಡು ನಿಮಿಷ ಅಳ್ಳಾಡಿಸಿ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಿಂದ, ಕೈ ನಿಲ್ಲಿಸದ ಹೊಡೀಬೇಕು. ದೋಸಿ ಹಂಗ ತೆಳ್ಳಗ. ದಪ್ಪ ಹೊಡದ್ರ ಒಳಗ ಹಸಿ ಉಳದು, ಬಿಸಿ ಆದಾಗ ಗುಳ್ಳಿ ಏಳತದ. ಹತ್ತು ಹತ್ತು ನಿಮಿಷ ಬಿಟ್ಟು ಮೂರು ಸಲ ಹೊಡದೆ. ಮೊದಲನೇ ಸಲ ಅಲ್ಲಲ್ಲೆ ಕಬ್ಬಿಣ ಕಾಣತದ, ಕಾಣ್ಲಿ ಬಿಡ್ರಿ.

ಇಷ್ಟಕ್ಕ ಮುಗೀಲಿಲ್ಲ. ಈ ಬಣ್ಣ ಬಿಸಲಾಗ ಒಣಗಿದ್ರ ಸಾಲಂಗಿಲ್ಲ, ಬೆಂಕ್ಯಾಗ ಪಕ್ವ ಆಗಬೇಕು. ಹೊಸಾ ಗಡಗಿ ಒಮ್ಮೆಲೆ ಉರಿ ಮ್ಯಾಲೆ ಇಟ್ರ ಸೀಳತದಲ್ಲಾ? ಇದೂ ಹಂಗ, ಸಾವಕಾಶ ಬಿಸಿ ಕಲಿಸ್ಬೇಕು. ಒಂದು ದಿನಾ ಬಿಟ್ಟು ಮಿಸ್ತ್ರಿ ಮ್ಯಾನಿಫೋಲ್ಡ್ ಕೂಡಿಸಿದ. ಹತ್ತು ನಿಮಿಷ ಇಂಜಿನ್ ಸುರು ಇಟ್ಟು ಬಂದ್ ಮಾಡಿದ್ವಿ. ಪೂರಾ ಆರಿದ ಮ್ಯಾಲೆ ಇಪ್ಪತ್ತು ನಿಮಿಷ. ಮತ್ತ ಆರಿಸಿ ಅರ್ಧಾ ತಾಸು. ಸ್ವಲ್ಪ ಹೊಗಿ ಬಂತು. ನಾ ಹೆದರಿ ಚಾವಿಗೆ ಕೈ ಹಾಕಿದ್ರ, "ಇರ್ಲಿ ಬಿಡು, ಈ ಹೊಗಿ ಬರಬೇಕಾದ್ದ" ಅಂದ್ರು. ಡಬ್ಬಿ ಡಬ್ಬಿಗೆ ಈ ಲೆಕ್ಕ ಬ್ಯಾರೆ ಇರತದ, ಮ್ಯಾಲೆ ಬರದದ್ದು ಓದ್ರಿ. ಮತ್ತ ಯಾರೂ ಅಡಗಿ ಮನಿ ಓವನ್ನಿನ್ಯಾಗ ಇಡ್ಲಿಕ್ಕೆ ಹೋಗಬ್ಯಾಡ್ರಿ, ಆ ಹೊಗಿ ಉಣ್ಣೂ ಜಾಗಾಕ್ಕ ಆಗಂಗಿಲ್ಲ.

ಹೋದ ವಾರ ಬೆಳಗಾವಿ ಕಡಿಂದ ಒಬ್ಬ ಹುಡುಗ ಬಂದಿದ್ದ. ಹಳೇ ಗಾಡಿ ಅಂದ್ರ ಅವಂಗ ಭಾಳ ಪ್ರೀತಿ. ಬಾನೆಟ್ ತಗದು, "ಸರ್, ಯಾವ ಗ್ಯಾರೇಜಿನ್ಯಾಗ ಮಾಡಿಸಿದ್ರಿ?" ಅಂದ. ಇವರು ನನ್ನ ಕಡೆ ತೋರಿಸಿ, "ನಮ್ಮನಿಯಾಕಿ ಮಾಡ್ಯಾಳ" ಅಂದ್ರು. ಆಮ್ಯಾಲೆ ಒಂದು ತಾಸು ಅವನ ಜೋಡಿ ಮಾತು. ಸೈಲೆನ್ಸರ್ ತೂತು ಬಿದ್ದದ್ದು, ಹಿಂದಿನ ಬಾಗಲಾ ಬಿಗಿ ಆದದ್ದು, ಎಲ್ಲಾ ಅವರ ಹೇಳಿದ್ರು. ಚಹಾ ಎರಡು ಸಲ ಆತು. ನಾ ಒಳಗ ನಿಂತು ಬರೇ ಅವರ ಧ್ವನಿ ಕೇಳಿದೆ.

ಕೊಟ್ಟುಬಿಟ್ವಿ. ಫಾರಂ 29, 30ಕ್ಕ ಸಹಿ ಮಾಡುವಾಗ ಅವರ ಕೈ ನಡುಗಿ ಎರಡು ಕಾಗದ ಕೆಟ್ಟವು, ಮೂರನೇದಕ್ಕ ಬರೋಬರಿ ಆತು. ಗಾಡಿ ಓಣಿ ತಿರುವಿನ ತನಕಾ ಹೋಗೂದು ನೋಡಿ, ಇವರು ಗೇಟಿನ ತನಕಾ ಒಬ್ಬರ ನಡಕೊಂಡು ಹೋಗಿ ಚಿಲಕಾ ಹಾಕಿದ್ರು.

ಅಂಗಳ ಈಗ ಭಣಭಣ ಅನಸತದ. ಝಾಡಸೂದು ಹಗುರಾತು, ಖರೆ ಝಾಡಸುವಾಗ ಇನ್ನೂ ಬಗ್ಗತೇನಿ, ರೂಢಿ ನೋಡ್ರಿ. ನಿನ್ನೆ ಇವರು ಕೇಳಿದ್ರು, "ಆ ಕರೀ ಡಬ್ಬ್ಯಾಗ ಏನರ ಉಳದದೇನು?" ಕಾಲು ಡಬ್ಬಿ ಅದ. ಹಿತ್ತಲದಾಗಿನ ಕಬ್ಬಿಣದ ಒಲಿ ಜಂಗು ಹಿಡದದ, ಅದಕ್ಕ ಹೊಡಿಯೋಣು ಅಂದ್ರು. ತಂತಿ ಬ್ರಶ್ಶು ಅವರ ಹುಡುಕಿ ತಂದು ಇಟ್ಟಾರ. ನಾಳೆಯಿಂದ ಮತ್ತ ತಿಕ್ಕೂದು ಸುರು. ವೈನಿ, ಕೈ ಕರ್ರಗ ಕಂಡ್ರ ಹೆದರಬ್ಯಾಡ್ರಿ.