ಬಾಲ್ ಜಾಯಿಂಟಿನ ಸವಕಳಿ

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠವನ್ನು ಕಾಮರ್ಸ್‌ನವರೆಲ್ಲ ಓದಿದ್ದೇವೆ. ಯಂತ್ರದ ಬೆಲೆಯಲ್ಲಿ ಗುಜರಿ ಬೆಲೆ ಕಳೆದು, ಉಳಿದದ್ದನ್ನು ಆಯುಷ್ಯದ ವರ್ಷಗಳಿಂದ ಭಾಗಿಸಿದರೆ ಪ್ರತಿ ವರ್ಷದ ಸವಕಳಿ ಬರುತ್ತದೆ. ಸ್ಥಿರ ಕಂತಿನ ವಿಧಾನದಲ್ಲಿ ಮೊದಲ ವರ್ಷವೂ ಅಷ್ಟೇ, ಹತ್ತನೇ ವರ್ಷವೂ ಅಷ್ಟೇ. ಮಾರ್ಚ್ 31ಕ್ಕೆ ಒಂದು ಜರ್ನಲ್ ಎಂಟ್ರಿ ಬರೆದರೆ ಕೆಲಸ ಮುಗಿಯಿತು. ಆದರೆ ವಸ್ತು ಸವೆಯುವುದು ಮಾರ್ಚ್ 31ರಂದು ಅಲ್ಲ. ಅದು ದಿನವೂ, ಕಣ್ಣಿಗೆ ಕಾಣದ ಜಾಗದಲ್ಲಿ ಸವೆಯುತ್ತಿರುತ್ತದೆ. ಇದನ್ನು ನನಗೆ ಕಲಿಸಿದ್ದು ಕಾರಿನ ಒಂದು ಸಣ್ಣ ಭಾಗ. ಅದರ ಹೆಸರು ಬಾಲ್ ಜಾಯಿಂಟ್.

ನಮ್ಮ ಸೊಂಟದ ಕೀಲನ್ನು ನೆನಪಿಸಿಕೊಳ್ಳಿ. ತೊಡೆಯ ಮೂಳೆಯ ತುದಿ ಗುಂಡಗಿದೆ. ಅದು ಕೂರಲು ಸೊಂಟದ ಮೂಳೆಯಲ್ಲಿ ಬಟ್ಟಲಿನಂಥ ಗುಳಿ ಇದೆ. ಹೀಗಾಗಿಯೇ ಕಾಲನ್ನು ಹಿಂದೆ, ಮುಂದೆ, ಪಕ್ಕಕ್ಕೆ ಆಡಿಸಬಹುದು. ಕಾರಿನ ಮುಂದಿನ ಚಕ್ರಕ್ಕೂ ಇಂಥದೇ ಕೀಲು ಬೇಕು. ರಸ್ತೆಯಲ್ಲಿ ಗುಂಡಿ ಬಂದರೆ ಚಕ್ರ ಮೇಲೆ ಕೆಳಗೆ ಹೋಗಬೇಕು, ಸ್ಟೇರಿಂಗ್ ತಿರುಗಿಸಿದರೆ ಎಡಕ್ಕೆ ಬಲಕ್ಕೆ ತಿರುಗಬೇಕು. ಬಾಗಿಲಿನ ಕೀಲಿನಂತೆ ಒಂದೇ ದಿಕ್ಕಿಗೆ ಆಡುವ ಕೀಲು ಇಲ್ಲಿ ಸಾಲದು. ಅದಕ್ಕೇ ಲೋವರ್ ಆರ್ಮ್ ಮತ್ತು ಚಕ್ರವನ್ನು ಹಿಡಿದಿರುವ ನಕಲ್ ಸೇರುವ ಜಾಗದಲ್ಲಿ ಉಕ್ಕಿನ ಗುಂಡೊಂದನ್ನು ಉಕ್ಕಿನ ಬಟ್ಟಲೊಳಗೆ ಕೂರಿಸಿರುತ್ತಾರೆ. ಒಳಗೆ ಗ್ರೀಸ್, ಹೊರಗೆ ರಬ್ಬರ್ ಬೂಟು.

ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಷನ್ ಇರುತ್ತದೆ. ಅಲ್ಲಿ ಒಂದೊಂದು ಬದಿಗೆ ಕೆಳಗೆ ಒಂದೇ ಬಾಲ್ ಜಾಯಿಂಟ್. ಇನ್ನೋವಾದಂಥ ಗಾಡಿಗಳಲ್ಲಿ ಡಬಲ್ ವಿಶ್‌ಬೋನ್ ಇರುವುದರಿಂದ ಮೇಲೊಂದು, ಕೆಳಗೊಂದು. ಹಳೆಯ ಗಾಡಿಗಳ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು, ಆಗಾಗ ಗ್ರೀಸ್ ಹೊಡೆಯಬಹುದಿತ್ತು. ಈಗ ಬಹುತೇಕ ಎಲ್ಲವೂ ಸೀಲ್ ಆಗಿ ಬರುತ್ತವೆ. ಹಾಗಾಗಿ ಇವುಗಳ ಮೇಂಟೆನೆನ್ಸ್ ಎಂದರೆ ಮುಖ್ಯವಾಗಿ ಒಂದೇ ಕೆಲಸ: ಆ ರಬ್ಬರ್ ಬೂಟು ಹರಿದಿದೆಯೇ ಎಂದು ನೋಡುವುದು. ಬೂಟು ಹರಿದರೆ ಮಳೆನೀರು, ಮಣ್ಣು ಒಳಗೆ ಹೋಗುತ್ತವೆ. ಗ್ರೀಸ್ ತೊಳೆದುಹೋಗುತ್ತದೆ. ಆಮೇಲೆ ಗುಂಡು, ಬಟ್ಟಲು ಎರಡನ್ನೂ ಮರಳೇ ಉಜ್ಜಿ ಸವೆಸುತ್ತದೆ.

ನಮ್ಮ ಅಬ್ಬಾ ಶಿವಮೊಗ್ಗದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹಳದಿ ಬೋರ್ಡಿನ ಸಣ್ಣ ಕಾರು, ವಯಸ್ಸು ಎಂಟು ದಾಟಿದೆ. ನಾನು ಕಾಮರ್ಸ್ ಸೇರಿದ ಮೇಲೆ ಗಾಡಿಯ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಬಾಡಿಗೆ, ಡೀಸೆಲ್, ಟೋಲ್, ಇನ್ಶೂರೆನ್ಸ್, ರಿಪೇರಿ ಎಂದು ಕಾಲಂ ಹಾಕಿ ಬರೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಹಂಪ್ ದಾಟುವಾಗಲೆಲ್ಲ ಎಡಗಡೆ ಮುಂದಿನಿಂದ ‘ಟಕ್’ ಎಂಬ ಸದ್ದು ಬರತೊಡಗಿತು. ಒಂದು ಸಂಜೆ ಅಬ್ಬಾ ಗಾಡಿಯನ್ನು ತಮ್ಮ ಹಳೆಯ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದರು. ನಾನೂ ಜೊತೆಗೆ ಹೋದೆ.

ಮಿಸ್ತ್ರಿ ಚಾಚಾ ಸದ್ದು ಕೇಳಿದ ಕೂಡಲೇ ಏನನ್ನೂ ಹೇಳಲಿಲ್ಲ. ಇಂಥ ಸದ್ದು ಲಿಂಕ್ ರಾಡ್, ಬುಶ್, ಟೈ ರಾಡ್ ಎಂಡ್ ಯಾವುದರಿಂದಲೂ ಬರಬಹುದಂತೆ. ಗಾಡಿಯ ಬಾಡಿಗೆ ಜಾಕ್ ಕೊಟ್ಟು ಚಕ್ರ ನೇತಾಡುವಂತೆ ಎತ್ತಿದರು, ಕೆಳಗೆ ಸ್ಟ್ಯಾಂಡ್ ಇಟ್ಟರು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು ಎಂದು ನನಗೆ ಮೊದಲೇ ಹೇಳಿದ್ದರು. ಆಮೇಲೆ ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರು. ಅಲ್ಲಿ ಆಟ ಸಿಕ್ಕಿದ್ದರೆ ಟೈ ರಾಡ್ ಎಂಡ್ ಮೇಲೆ ಅನುಮಾನ, ಸಿಗಲಿಲ್ಲ. 12 ಮತ್ತು 6ರ ಜಾಗದಲ್ಲಿ ಹಿಡಿದಾಗ ಚಕ್ರ ಸ್ವಲ್ಪ ಆಡಿತು. ಟೈರಿನ ಕೆಳಗೆ ಕಬ್ಬಿಣದ ರಾಡ್ ಕೊಟ್ಟು ಮೀಟುತ್ತಾ, ನನಗೆ ಟಾರ್ಚ್ ಹಿಡಿಯಲು ಹೇಳಿದರು. ಬೂಟು ಹರಿದಿತ್ತು. ಗ್ರೀಸಿನ ಬದಲು ಕೆಸರು ಇತ್ತು. ಮೀಟಿದಾಗಲೆಲ್ಲ ಗುಂಡು ಬಟ್ಟಲೊಳಗೆ ಕುಣಿಯುತ್ತಿತ್ತು. ‘ಘಿಸ್ ಗಯಾ’ ಎಂದರು ಚಾಚಾ. ಸವಕಳಿ ಎಂಬ ನಮ್ಮ ಪಾಠದ ಪದವೇ ಅದು, ನಮ್ಮ ಮನೆಯ ಮಾತಿನಲ್ಲಿ.

ತೊಂದರೆ ಏನೆಂದರೆ, ಮರುದಿನ ಬೆಳಗಿನ ಜಾವಕ್ಕೆ ಮಣಿಪಾಲದ ಬಾಡಿಗೆ ಇತ್ತು. ನಮ್ಮ ಬೀದಿಯ ಒಬ್ಬ ವಯಸ್ಸಾದ ಖಾಲಾರನ್ನು ಡಾಕ್ಟರ್ ಹತ್ತಿರ ಕರೆದೊಯ್ಯಬೇಕಿತ್ತು, 3,500 ರೂಪಾಯಿ ಬಾಡಿಗೆ. ಸ್ಪೇರ್ ಪಾರ್ಟ್ಸ್ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ‘ನಿಧಾನವಾಗಿ ಹೋಗಿ ಬಂದುಬಿಡ್ತೀನಿ, ನಾಳೆ ಸಂಜೆ ಹಾಕಿಸೋಣ’ ಎಂದರು ಅಬ್ಬಾ. ಚಾಚಾ ಕೈ ಒರೆಸಿಕೊಳ್ಳುತ್ತಾ, ‘ಆಗುಂಬೆ ಘಾಟಿ ಇಳೀಬೇಕು ಭಾಯಿ. ಇದು ಬಟ್ಟಲಿಂದ ಹೊರಗೆ ಬಂದರೆ ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರುತ್ತೆ, ಚಕ್ರ ಮಾತ್ರ ನಿಮ್ಮ ಮಾತು ಕೇಳಲ್ಲ’ ಎಂದರು. ಗುಂಡು ಬಟ್ಟಲಿನಿಂದ ಕಳಚಿದರೆ ಲೋವರ್ ಆರ್ಮಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಚಕ್ರ ಓರೆಯಾಗಿ ಮಗುಚಿ, ಗಾಡಿಯ ಆ ಮೂಲೆ ನೆಲಕ್ಕೆ ಕೂರುತ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನ್ ತೆಗೆದು ಇನ್ನೊಬ್ಬ ಟ್ಯಾಕ್ಸಿಯವರಿಗೆ ಆ ಬಾಡಿಗೆ ಕೊಟ್ಟರು. ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ನಾವು ಮಳೆಯಲ್ಲಿ ಆಟೋ ಹಿಡಿದು ಮನೆಗೆ ಬಂದೆವು. ಮರುದಿನ ಬಾಲ್ ಜಾಯಿಂಟ್, ಕೂಲಿ, ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ 2,150 ರೂಪಾಯಿ ಆಯಿತು. ಬಲಗಡೆಯದು ಬಿಗಿಯಾಗಿತ್ತು, ಬೂಟೂ ಸರಿಯಿತ್ತು. ಅದನ್ನು ನೋಡುತ್ತಿರಿ ಎಂದು ಚಾಚಾ ಹೇಳಿ ಕಳಿಸಿದರು. ಆ ತಿಂಗಳು ಅಮ್ಮಿ ಚೀಟಿಯ ಕಂತನ್ನು ತಡವಾಗಿ ಕಟ್ಟಿದರು.

ಪುಸ್ತಕದಲ್ಲಿ ರಿಪೇರಿ ಕಾಲಂನಲ್ಲಿ 2,150 ಬರೆದೆ. ಕೈಬಿಟ್ಟ 3,500ಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ, ಆದರೆ ಲೆಕ್ಕಪುಸ್ತಕ ಅದನ್ನು ಬರೆದುಕೊಳ್ಳುವುದಿಲ್ಲ. ಇನ್ನೊಂದು ವಿಷಯವೂ ಆಗ ಹೊಳೆಯಿತು. ಬಾಡಿಗೆಗೆ ಓಡುವ ಟ್ಯಾಕ್ಸಿ ಬೇಗ ಸವೆಯುತ್ತದೆ ಎಂದು ಆದಾಯ ತೆರಿಗೆಯ ನಿಯಮವೂ ಒಪ್ಪುತ್ತದೆ. ಬೇರೆ ಕಾರಿಗೆ 15% ಸವಕಳಿ ಇದ್ದರೆ ಟ್ಯಾಕ್ಸಿಗೆ 30%. ಆದರೆ ಸವಕಳಿ ಬರೆದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ದುಡ್ಡು ಬರುವುದಿಲ್ಲ, ಅದು ನಗದು ಖರ್ಚಲ್ಲ. ಎಫ್.ಸಿ.ಯ ಕಥೆಯೂ ಹಾಗೆಯೇ. ಎಂಟು ವರ್ಷ ದಾಟಿದ ಟ್ಯಾಕ್ಸಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಕಾಗದ ಒಂದು ವರ್ಷ ನಡೆಯುತ್ತದೆ, ಆದರೆ ರಬ್ಬರ್ ಬೂಟು ಮರುವಾರವೇ ಹರಿಯಬಹುದು. ಎರಡು ಕಾಗದಗಳ ನಡುವೆ ಯಾರಾದರೂ ಬಗ್ಗಿ ನೋಡಲೇಬೇಕು.

ನಮ್ಮ ಲೆಕ್ಚರರ್‌ಗಳಲ್ಲಿ ಕಾರು ಇರುವವರಿಗೆ, ಮನೆಯಲ್ಲಿ ಗಾಡಿ ಇರುವ ಗೆಳೆಯರಿಗೆ ನನ್ನ ವಿನಂತಿ ಇಷ್ಟೆ. ಆಯಿಲ್ ಚೇಂಜ್‌ಗೆ ಬಿಟ್ಟಾಗ ಬಾಲ್ ಜಾಯಿಂಟ್ ಬೂಟುಗಳನ್ನೂ ನೋಡಲು ಹೇಳಿ. ಹಂಪಿನಲ್ಲಿ ಸದ್ದು ಬಂದರೆ, ಗಾಡಿ ನೇರವಾಗಿ ಹೋಗದೆ ಆಚೀಚೆ ಎಳೆದರೆ, ಟೈರಿನ ಒಂದೇ ಅಂಚು ಸವೆದರೆ ಮುಂದಿನ ತಿಂಗಳಿಗೆ ತಳ್ಳಬೇಡಿ. ಹೊಸದು ಹಾಕಿಸಿದ ಮೇಲೆ ಅಲೈನ್‌ಮೆಂಟ್ ಬಿಡಬೇಡಿ, ಇಲ್ಲದಿದ್ದರೆ ಉಳಿಸಿದ ದುಡ್ಡು ಟೈರಿನಲ್ಲಿ ಹೋಗುತ್ತದೆ.

ಅದೇ ಪಾಠದ ಕೊನೆಯ ಭಾಗದಲ್ಲಿ ಪ್ರಾವಿಷನ್ ಎಂಬುದೊಂದು ಬರುತ್ತದೆ: ಬರಲಿರುವ ಖರ್ಚಿಗೆ ಈಗಲೇ ತೆಗೆದಿಡುವುದು. ನಾನು ಅಬ್ಬಾರ ಹತ್ತಿರ ಕೇಳಿ ಕಿಲೋಮೀಟರಿಗೆ 50 ಪೈಸೆಯಂತೆ ಒಂದು ಕವರಿನಲ್ಲಿ ಹಾಕತೊಡಗಿದೆ. ‘ಐವತ್ತು ಪೈಸೆಗೆ ಏನು ಬರುತ್ತೆ?’ ಎಂದು ಅಮ್ಮಿ ನಕ್ಕರು. ಎರಡು ಸಾವಿರ ಕಿಲೋಮೀಟರ್ ಓಡಿದ ತಿಂಗಳಲ್ಲಿ ಒಂದು ಸಾವಿರ ಬಂತು. ಕಳೆದ ತಿಂಗಳು ಬಲಗಡೆಯ ಬೂಟಿನಲ್ಲಿ ಬಿರುಕು ಕಂಡಿತು. ಸದ್ದು ಇನ್ನೂ ಶುರುವಾಗಿರಲಿಲ್ಲ. ಬಾಡಿಗೆ ಇಲ್ಲದ ಒಂದು ಮಂಗಳವಾರ ನೋಡಿ ಅಬ್ಬಾ ಬದಲಿಸಿಕೊಂಡು ಬಂದರು. ದುಡ್ಡು ಕವರಿನಿಂದಲೇ ಹೋಯಿತು. ಚೀಟಿಯ ಕಂತನ್ನು ಅಮ್ಮಿ ಹೊತ್ತಿಗೆ ಸರಿಯಾಗಿ ಕಟ್ಟಿದರು.