ಗಷ್ಟು ಕೆಳಗೆ, ತಿಳಿ ಮೇಲೆ

ರವಿವಾರ ಮುಂಜಾನೆ ಬಿಸಿಲೇರುವ ಮೊದಲು ಲಾರಿ ಚಾಲೂ ಮಾಡುತ್ತೇನೆ. ಹತ್ತಿಪ್ಪತ್ತು ನಿಮಿಷ ಓಡಲು ಬಿಟ್ಟು, ಆಯಿಲ್ ಬಿಸಿಯಾದ ಮೇಲೆ ಬಂದ್ ಮಾಡಿ ಕೆಳಗೆ ತೂರುತ್ತೇನೆ. ಡ್ರೈನ್ ಬೋಲ್ಟಿನ ಕೊನೆಯ ಎರಡು ಸುತ್ತನ್ನು ಬೆರಳಿನಿಂದಲೇ ಬಿಚ್ಚಬೇಕು. ಬೋಲ್ಟು ಕೈಗೆ ಬಂತೆಂದರೆ ಹೆಬ್ಬೆರಳು ಗಾತ್ರದ ಕರಿ ಧಾರೆ ಬುಟ್ಟಿಗೆ ಇಳಿಯುತ್ತದೆ. ಅದು ಸಣ್ಣಗಾಗಿ, ದಾರವಾಗಿ, ಕೊನೆಗೆ ಹನಿಯಾಗಿ ನಿಲ್ಲಲು ಅರ್ಧ ತಾಸು ಬೇಕು. ವಾರದಲ್ಲಿ ನನಗೆ ಅಷ್ಟು ನೆಮ್ಮದಿ ಕೊಡುವ ಅರ್ಧ ತಾಸು ಇನ್ನೊಂದಿಲ್ಲ.

ನನ್ನದು ಹಳೆಯ ಶಕ್ತಿಮಾನ್. ಈ ಹೆಸರು ಕೇಳಿದರೆ ಹುಡುಗರಿಗೆ ಟಿ.ವಿ. ಧಾರಾವಾಹಿ ನೆನಪಾಗುತ್ತದೆ, ಲಾರಿ ಅದಕ್ಕಿಂತ 38 ವರ್ಷ ಹಿರಿಯದು. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದ 1959ರಲ್ಲಿ, ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು ಜಬಲ್‌ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. ಆಮೇಲೆ ಅದೇ ಊರಲ್ಲಿ ವಾಹನ ಕಾರ್ಖಾನೆಯೇ ಎದ್ದಿತು. ಮೂವತ್ತೈದು ವರ್ಷಕ್ಕೂ ಮಿಕ್ಕಿ ನಮ್ಮ ಸೈನ್ಯದ ಕಾಳು, ಕಾಡತೂಸು, ಸಿಪಾಯಿ ಎಲ್ಲವನ್ನೂ ಹೊತ್ತ ಗಾಡಿ ಇದು. ನನ್ನದು ಸೈನ್ಯದ ಹರಾಜಿನಲ್ಲಿ ಕೈಬಿಟ್ಟು, ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ನೀರಿನ ಟ್ಯಾಂಕರ್ ಹೊತ್ತು, ಕೊನೆಗೆ ಹುನಗುಂದಕ್ಕೆ ನನ್ನ ಬೇವಿನ ಮರದ ಕೆಳಗೆ ಬಂದು ನಿಂತಿತು.

ಸೈನ್ಯದ ದಿನಗಳಿಗಿಂತ ಕ್ವಾರಿಯ ದಿನಗಳೇ ಅದರ ಎಂಜಿನ್ನಿಗೆ ಹೆಚ್ಚು ಕಷ್ಟ ಕೊಟ್ಟಿವೆ ಎಂದು ನನ್ನ ನಂಬಿಕೆ. ನಮ್ಮ ಕಡೆ ಧೂಳು ಎರಡು ಬಗೆಯದು. ಎರಿಮಣ್ಣಿನ ಧೂಳು ಮೆತ್ತಗೆ, ಹಿಟ್ಟಿನ ಹಾಗೆ. ಬೇಸಿಗೆಯಲ್ಲಿ ಗಾಡಿಯ ಹಿಂದೆ ಅರ್ಧ ಮೈಲಿ ನಿಂತಿರುತ್ತದೆ. ಕೆಂಪು ಗ್ರಾನೈಟಿನ ಧೂಳು ಬೇರೆ. ಅದರಲ್ಲಿ ಬೆಣಚುಕಲ್ಲಿದೆ. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ 7 ಅಂಕ, ಚಾಕುವಿನ ಉಕ್ಕಿಗಿಂತ ಗಟ್ಟಿ. ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವ ಆಯಿಲ್ ಪೊರೆ, ಹೊರೆ ಬಿದ್ದಾಗ, ಕೆಲವೇ ಮೈಕ್ರಾನ್ ದಪ್ಪ. ತಲೆಗೂದಲು ಸುಮಾರು 70 ಮೈಕ್ರಾನ್. ಪೊರೆಗಿಂತ ತೀರ ಸಣ್ಣ ಕಣ ತೇಲಿ ಹೋಗುತ್ತದೆ, ತೀರ ದೊಡ್ಡದು ಒಳಗೇ ಹೋಗುವುದಿಲ್ಲ. ಪೊರೆಯಷ್ಟೇ ಇರುವ ಕಣ ಮಾತ್ರ ಎರಡೂ ಕಡೆ ಕಚ್ಚಿ ಗೀರುತ್ತದೆ. ಆ ಕಣ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ.

ಗಾಡಿ ಬಂದಾಗ ಅದರಲ್ಲಿದ್ದದ್ದು ಹಳೆ ಕಾಲದ ಡಬ್ಬಿ ಫಿಲ್ಟರು: ಕಬ್ಬಿಣದ ಡಬ್ಬಿ, ಒಳಗೊಂದು ಕಾಗದದ ಸುರುಳಿ, ನಡುವೆ ಉದ್ದನೆಯ ಬೋಲ್ಟು, ಮೇಲೆ ರಬ್ಬರ್ ರಿಂಗು. ಹಿಂದೆ ಒಂದು ಗ್ಯಾರೇಜಿನಲ್ಲಿ ಹಳೆ ರಿಂಗು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಕುಷ್ಟಗಿ ದಾರಿಯಲ್ಲಿ ಎರಡೂ ಜಾರಿಕೊಂಡು, ಪ್ರೆಶರ್ ಮುಳ್ಳು ಸೊನ್ನೆಗಿಳಿಯಿತು. ತಕ್ಷಣ ಎಂಜಿನ್ ಬಂದ್ ಮಾಡಿದ್ದರಿಂದ ಬೇರಿಂಗು ಉಳಿಯಿತು. ತಿರುಗಿಸಿ ಹಾಕುವ ಇಂದಿನ ಫಿಲ್ಟರಿಗೆ ಬದಲಿಸಲೇಬೇಕು ಎಂದು ನಾನು ನಿಶ್ಚಯಿಸಿದ್ದು ರಸ್ತೆಯ ಮೇಲೆ ಹರಿದ ಆ ಆಯಿಲ್ ನೋಡುತ್ತ.

ಅಮೆರಿಕದ ಸೈನ್ಯದ ಎರಡೂವರೆ ಟನ್ನಿನ ಎಂ-35 ಲಾರಿ ಇಟ್ಟುಕೊಂಡ ಹವ್ಯಾಸಿಗಳೂ ಇದೇ ಕೆಲಸ ಮಾಡುತ್ತಾರೆ. ಅದರ ಬಹುಇಂಧನ ಎಂಜಿನ್ ಕೂಡ ಮ್ಯಾನ್ ಕಂಪನಿಯ ದಹನ ಪದ್ಧತಿಯದೇ, ಅದರಲ್ಲೂ ಡಬ್ಬಿ ಫಿಲ್ಟರುಗಳೇ. ಅವರಿಗೆ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ನನಗೆ ಇಳಕಲ್ಲಿನ ಲೇಥ್ ಮಿಸ್ತ್ರಿಯೇ ಗತಿ, ಮತ್ತು ಅದು ನನ್ನ ಭಾಗ್ಯ. ಅವರ ಮನೆ ನೇಕಾರರ ಮನೆ. ನಾನು ತಂದ ಹಳೆ ಫಿಲ್ಟರ್ ತಲೆ, ಹೊಸ ಫಿಲ್ಟರು ಎರಡನ್ನೂ ಕೈಯಲ್ಲಿ ಹಿಡಿದು, “ಇದು ಕೊಂಡಿ ಹಾಕೂ ಕೆಲಸ ಐತ್ರಿ” ಅಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಸಿಕ್ಕಿಸುವುದೇ ಕೊಂಡಿ. ಒಂದು ಕಡೆ ಹಳೆಯ ತಲೆಯ ಅಳತೆ, ಇನ್ನೊಂದು ಕಡೆ ಹೊಸ ಫಿಲ್ಟರಿನ ತಿರುಪು, ಮಧ್ಯೆ ಒಂದು ಅಲ್ಯೂಮಿನಿಯಂ ಬಿಲ್ಲೆ. ರಿಂಗು ಕೂರುವ ಮುಖವನ್ನು ಅವರು ಮೂರು ಸಲ ಕೆತ್ತಿದರು, ಪ್ರತಿ ಸಲವೂ ಉಗುರು ಆಡಿಸಿ ನೋಡಿದರು. ಮೂರನೆಯ ಸಲ ಉಗುರು ಎಲ್ಲೂ ತಡೆಯಲಿಲ್ಲ.

ಇಲ್ಲಿ ಎರಡು ಸಂಗತಿ ಮರೆಯಬಾರದು. ಆಯಿಲ್ ಫಿಲ್ಟರಿನ ಹೊರಸುತ್ತಿನಿಂದ ಒಳಬಂದು ನಡುವಿನ ತೂತಿನಿಂದ ಹೊರಡಬೇಕು. ದಿಕ್ಕು ತಪ್ಪಿದರೆ ಕಾಗದ ಹರಿಯುತ್ತದೆ. ಇನ್ನೊಂದು, ಬೈಪಾಸ್ ವಾಲ್ವು. ಚಳಿಗಾಲದ ಬೆಳಗ್ಗೆ ಆಯಿಲ್ ಮಂದವಾಗಿದ್ದಾಗ ಅಥವಾ ಫಿಲ್ಟರು ಕಟ್ಟಿದಾಗ ಅದು ತೆರೆದು ಸೋಸದ ಆಯಿಲ್ಲನ್ನೇ ಒಳಗೆ ಬಿಡುತ್ತದೆ. ಬೇರಿಂಗಿಗೆ ಕೊಳೆ ಆಯಿಲ್ ಕೆಟ್ಟದ್ದು, ಆಯಿಲ್ಲೇ ಇಲ್ಲದಿರುವುದು ಅದಕ್ಕಿಂತ ಬಹಳ ಕೆಟ್ಟದ್ದು.

ಆದರೆ ಎಂಜಿನ್ನಿಗೆ ಹೋಗುವ ಎಲ್ಲ ಆಯಿಲ್ಲನ್ನೂ ದಾಟಿಸುವ ಫಿಲ್ಟರು ತೀರ ನಯವಾಗಿ ಸೋಸಲಾರದು. ಅಷ್ಟು ಬಿಗಿಯಾದ ಕಾಗದದಲ್ಲಿ ಅಷ್ಟು ಆಯಿಲ್ ನುಗ್ಗುವುದಿಲ್ಲ. ಅದಕ್ಕೇ ನಾನು ಎರಡನೆಯ ಫಿಲ್ಟರು ಕಟ್ಟಿದೆ. ಪ್ರೆಶರ್ ದಾರಿಯಿಂದ ಒಂದು ಸಣ್ಣ ಪೈಪು, ಅದರ ಬಾಯಲ್ಲಿ ಒಂದೂವರೆ ಮಿಲಿಮೀಟರಿನ ತೂತು. ಪಂಪು ಕಳಿಸುವುದರಲ್ಲಿ ಚೂರೇ ಚೂರು ಪಾಲು ಆ ಕಡೆ ತಿರುಗಿ, ದಪ್ಪ ಸುರುಳಿಯೊಳಗೆ ನಿಧಾನ ಇಳಿದು, ತಿಳಿಯಾಗಿ ಎಂಜಿನ್ ತಳದ ಆಯಿಲ್ ಸಂಪಿಗೆ ಮರಳುತ್ತದೆ. ಅವಸರವಿಲ್ಲ. ತಾಸುಗಟ್ಟಲೆ ಓಡಿದ ಮೇಲೆ ಎಲ್ಲ ಆಯಿಲ್ಲೂ ಹಲವು ಸಲ ಆ ದಾರಿ ತುಳಿದಿರುತ್ತದೆ.

ಇದು ನನಗೆ ಹೊಸದೇನಲ್ಲ. ಗಾಣದಿಂದ ತಂದ ಕುಸುಬಿ ಎಣ್ಣೆಯನ್ನು ನಮ್ಮವ್ವ ಆ ದಿನವೇ ಬಳಸಲು ಬಿಡುತ್ತಿರಲಿಲ್ಲ. ಮೂರು ದಿನ ಕದಲಿಸದೆ ಇಟ್ಟು, ಗಷ್ಟು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. “ಎಣ್ಣಿಗಿ ಗಡಿಬಿಡಿ ಮಾಡಬಾರದು” ಎನ್ನುವುದು ಅವಳ ಮಾತು. ಸಂಪಿನ ಕೆಳಗೆ ಅಂಗಾತ ಮಲಗಿದಾಗ ಆ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿದೆ.

ಎಲ್ಲ ಬಿಗಿದ ದಿನ ಹೊಸ ಫಿಲ್ಟರಿನೊಳಗೆ ಮೊದಲೇ ಆಯಿಲ್ ತುಂಬಿ, ಸ್ಟಾಪ್ ಕೇಬಲ್ ಎಳೆದು ಹಿಡಿದು, ಎಂಜಿನ್ ಹೊತ್ತಿಕೊಳ್ಳದಂತೆ ಬರಿದೆ ಸ್ಟಾರ್ಟರ್ ತಿರುಗಿಸಿದೆ. ಒಂದು ಸಲ, ತಡೆದು ಇನ್ನೊಂದು ಸಲ. ಮೂರನೆಯದಕ್ಕೆ ಮುಳ್ಳು ನಡುಗಿ ಎದ್ದಿತು. ಆಗ ಕೇಬಲ್ ಬಿಟ್ಟೆ. ಆರು ಸಿಲಿಂಡರುಗಳೂ ಒಂದೇ ಉಸಿರಿಗೆ ಮಾತಾಡಿದವು. ಬಿಲ್ಲೆಯ ಸುತ್ತ ಬಿಳಿ ಕಾಗದ ಒತ್ತಿ ತೆಗೆದೆ; ಕಲೆ ಇರಲಿಲ್ಲ.

ಒಂದು ತಿಂಗಳು ಹೊಲಕ್ಕೂ, ಕೂಡಲಸಂಗಮದ ದಾರಿಗೂ ಓಡಿಸಿ ಮೊದಲ ಫಿಲ್ಟರ್ ಬಿಚ್ಚಿ ಕತ್ತರಿಸಿದೆ. ಕಾಗದದ ಮಡಿಕೆ ಬಿಡಿಸಿ, ಬಿಳಿ ತಾಟಿನಲ್ಲಿ ಡೀಸೆಲ್ ಹಾಕಿ ತೊಳೆದೆ. ತಾಟಿನ ಅಡಿಗೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಪುಡಿ ಇರುವೆ ಸಾಲಿನಂತೆ ಹಿಂದೆ ಬಂತು. ಉಳಿದದ್ದರಲ್ಲಿ ತಾಮ್ರದ ಬಣ್ಣದ ಎರಡು ಚೂರು. ಅಯಸ್ಕಾಂತಕ್ಕೆ ಬಾರದೆ, ಬೆರಳ ನಡುವೆ ಉಜ್ಜಿದರೆ ಕರಕರ ಎನ್ನುವ ಹರಳು ಮಾತ್ರ ಬಹಳ. ಕಲ್ಲಿನ ಧೂಳು! ಅದು ಗಾಳಿಯ ದಾರಿಯಿಂದಲೇ ಬರಬೇಕು. ಹೋಗಿ ಆಯಿಲ್-ಬಾತ್ ಏರ್ ಕ್ಲೀನರ್ ಬಿಚ್ಚಿದರೆ ತಳದಲ್ಲಿ ಕೆಸರು ಮೊಸರಿನಂತೆ ಹೆಪ್ಪುಗಟ್ಟಿತ್ತು, ಪಕ್ಕದ ರಬ್ಬರ್ ಕೊಳವೆ ಸೀಳಿತ್ತು. ಎರಡನ್ನೂ ಸರಿ ಮಾಡಿದೆ. ಮುಂದಿನ ಫಿಲ್ಟರಿನಲ್ಲಿ ಹರಳು ಬಹುಮಟ್ಟಿಗೆ ಇರಲಿಲ್ಲ.

ನಿಮ್ಮಲ್ಲಿ ಹಳೆ ಟ್ರ್ಯಾಕ್ಟರ್, ಜೀಪು, ಲಾರಿ ಯಾವುದಿದ್ದರೂ ಮುಂದಿನ ಸಲ ಬಿಚ್ಚಿದ ಫಿಲ್ಟರನ್ನು ತಿಪ್ಪೆಗೆ ಎಸೆಯುವ ಮೊದಲು ಕತ್ತರಿಸಿ ನೋಡಿರಿ. ತೆಗೆದ ಆಯಿಲ್ಲನ್ನು ಬದುವಿಗೋ ಹಳ್ಳಕ್ಕೋ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವ ಪರವಾನಗಿದಾರರಿಗೆ ಕೊಡಿರಿ. ಆ ಹಳ್ಳದ ನೀರನ್ನೇ ದನಗಳು ಕುಡಿಯುತ್ತವೆ.